ಅಕ್ಕನ ಮಿಲ್ಲಿಗೆ ಹೊಲಿದ ಮೂರು ಅಂಗಿ

ಯಂತ್ರಗಳಿಗೆ ಅಂಗಿ ಹೊಲಿಯುವುದು ನನ್ನ ಕೆಲಸವಾಗಿತ್ತು. ಹೀಗೆ ಹೇಳಿದರೆ ಜನ ನನ್ನನ್ನು ದರ್ಜಿ ಅಂದುಕೊಳ್ಳುತ್ತಾರೆ, ಬಿಡಿಸಿ ಹೇಳಿದರೆ ಆಕಳಿಸುತ್ತಾರೆ. ಓಡುವ ಬೆಲ್ಟು, ತಿರುಗುವ ಪುಲ್ಲಿ, ಹಲ್ಲುಗಾಲಿ ಇವುಗಳ ಸುತ್ತ ತಗಡಿನದೋ ಜಾಲರಿಯದೋ ಒಂದು ಹೊದಿಕೆ ಇರುತ್ತದಲ್ಲ, ಮನುಷ್ಯರ ಕೈಕಾಲು ಒಳಗೆ ಹೋಗದಿರಲಿ ಅಂತ? ಅದು ಹೇಗಿರಬೇಕು ಎಂದು ಮೊದಲು ಕಾಗದದ ಮೇಲೆ ಯೋಚಿಸುವವನು ನಾನು. ಯಂತ್ರವನ್ನು ಎಲ್ಲರೂ ನೋಡುತ್ತಾರೆ, ಹೊದಿಕೆಯನ್ನು ಯಾರೂ ನೋಡುವುದಿಲ್ಲ. ನೋಡಿದರೂ ಬಿಚ್ಚಿ ಮೂಲೆಗೆ ಎಸೆಯುವುದಕ್ಕೇ ನೋಡಿರುತ್ತಾರೆ. ಈ ಮಾತು ಹೇಳುವಾಗ ನನಗೆ ಈಗಲೂ ಸ್ವಲ್ಪ ಸಿಟ್ಟು ಬರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಕೋಲಾರದಲ್ಲಿ ಡ್ರಾಫ್ಟ್ಸ್‌ಮನ್ ತರಬೇತಿ ಮುಗಿಸಿ ಮಾಲೂರಿನ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದ್ದೆ. ಸುತ್ತ ಹೆಂಚಿನ ಕಾರ್ಖಾನೆಗಳು. ಮಣ್ಣು ಕಲಸುವ ಯಂತ್ರ, ಹೆಂಚು ಒತ್ತುವ ಯಂತ್ರ, ಎಲ್ಲವೂ ಮೈಮೇಲೆ ಬಟ್ಟೆಯಿಲ್ಲದೆ ನಿಂತಿರುತ್ತಿದ್ದವು. ಅವಕ್ಕೆ ಹೊದಿಕೆ ಮಾಡಿಕೊಡುವ ಕೆಲಸ ನಮಗೆ ಬರುತ್ತಿತ್ತು. ವರ್ಕ್‌ಶಾಪಿನ ಮೇಸ್ತ್ರಿಗೆ ಗೊತ್ತಿದ್ದದ್ದು ಸುತ್ತಿಗೆ, ನನಗೆ ಗೊತ್ತಿದ್ದದ್ದು ಪೆನ್ಸಿಲ್ಲು. ಮೂರು ಕಡೆಯಿಂದ ನೋಡಿದ ಚಿತ್ರ ಬರೆದು, ಕೆಳಗೆ ಅಳತೆ ಹಾಕಿ, ಮೂಲೆಯಲ್ಲಿ ಸಹಿ ಮಾಡುವಾಗ ನನಗೆ ಎರಡು ಕೊಂಬು ಮೂಡುತ್ತಿದ್ದವು. ಮೇಸ್ತ್ರಿ ಅದನ್ನು ದಿನಾ ನೋಡುತ್ತಿದ್ದರು. "ಸಹಿ ಚೆನ್ನಾಗಿದೆ ಕಣೋ," ಅನ್ನುತ್ತಿದ್ದರು, "ಚಿತ್ರ ಆಮೇಲೆ ನೋಡ್ತೀನಿ."

ಹೋಳೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ನನ್ನ ಅಕ್ಕ ಅಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದಳು. ಭಾವ ಮುಳಬಾಗಿಲು ಕಡೆಯ ಬಸ್ಸಿನಲ್ಲಿ ಕಂಡಕ್ಟರು, ವಾರಕ್ಕೆ ಎರಡು ದಿನ ಮನೆಯಲ್ಲಿರುವವರು. ಆದ್ದರಿಂದ ಮಿಲ್ಲು ಅಂದರೆ ಅಕ್ಕನೇ. ಕರೆಂಟು ಬಂದ ಕೂಡಲೇ ಸ್ಟಾರ್ಟರ್ ಹಿಡಿ ಒತ್ತುವವಳು ಅವಳು, ಬೆಲ್ಟು ಜಾರಿದರೆ ರಾಳದ ಉಂಡೆ ಹಿಡಿಯುವವಳು ಅವಳು, ಸರದಿ ತಪ್ಪಿಸಿ ನುಗ್ಗುವವರನ್ನು ಗದರುವವಳೂ ಅವಳೇ. ಸಂಜೆ ಹೊರಗೆ ಬಂದರೆ ರೆಪ್ಪೆ ಕೂಡ ಬೆಳ್ಳಗೆ. ಆ ಊರಿನಲ್ಲಿ ಗಟ್ಟಿಯಾಗಿ ಮಾತಾಡುವ ಹೆಂಗಸರು ಬಹಳ ಮಂದಿ ಇದ್ದರು, ಆದರೆ ಮಿಲ್ಲಿನ ಸದ್ದಿನ ಮೇಲೆ ಕೇಳಿಸುವ ಹಾಗೆ ಮಾತಾಡುತ್ತಿದ್ದವಳು ಅವಳೊಬ್ಬಳೇ. ನನಗೆ ಅವಳೆಂದರೆ ಹೆಮ್ಮೆ. ಅವಳ ಎದುರಿಗೆ ಒಂದು ದಿನವೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಅವಳ ಸೆರಗು ಬೆಲ್ಟಿಗೆ ಸಿಕ್ಕಿತು. ಸೀರೆ ಸರಸರನೆ ಪುಲ್ಲಿಗೆ ಸುತ್ತಿಕೊಂಡು ಅವಳನ್ನು ಎಳೆಯಿತು, ಹರಿಯಿತು, ಬೆಲ್ಟು ಕಳಚಿಕೊಂಡಿತು, ಅಕ್ಕ ಗೋಡೆಗೆ ಹೋಗಿ ಬಿದ್ದಳು. ಹಳೆಯ ವಾಯಿಲ್ ಸೀರೆ, ಹರಿಯಿತು. ಹೊಸದಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸರದಿಯಲ್ಲಿದ್ದ ಹೆಂಗಸರು ಓಡಿಬಂದು ಸುತ್ತ ನಿಂತು, ಕೈಗೆ ಸಿಕ್ಕಿದ ರಾಗಿ ಚೀಲ ಹೊದಿಸಿ ಮನೆಗೆ ಕರೆದುಕೊಂಡು ಹೋದರು. ಅಕ್ಕ ಆ ಕಥೆಯನ್ನು ತಾನೇ ಊರಿಗೆಲ್ಲ ಹೇಳಿ ನಗಿಸಿದಳು. "ಐವತ್ತು ಕೆ.ಜಿ. ಮೂಟೆ ಅಂತ ಬರೆದಿದ್ದ ಚೀಲ ಕಣೇ, ನನ್ನ ಸೊಂಟಕ್ಕೆ ಸರಿಯಾಗಿ ಕೂತ್ಕೊಂತು!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ.

ಆದರೆ ಅಂದಿನಿಂದ ಅವಳು ಬೆಲ್ಟಿನ ಹತ್ತಿರ ಹೋಗಲಿಲ್ಲ. ತಕ್ಕಡಿ ಇಟ್ಟುಕೊಂಡು ಬಾಗಿಲಲ್ಲೇ ಕೂರುತ್ತಿದ್ದಳು. ಕಾಲು ನೋವು ಅನ್ನುತ್ತಿದ್ದಳು, ಸೆಕೆ ಅನ್ನುತ್ತಿದ್ದಳು. ಭಾವ ಮನೆಯಲ್ಲಿದ್ದ ಎರಡು ದಿನ ಮಾತ್ರ ಮಿಲ್ಲು ತಿರುಗುತ್ತಿತ್ತು. ಒಂದು ದಿನ ಭಾವ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದರು: "ಶ್ರೀನಿವಾಸಪುರದೋರು ಒಬ್ರು ಕೇಳ್ತಾವ್ರೆ, ಕೊಟ್ಬಿಡ್ತೀನಿ ಕಣೋ. ಮೋಟ್ರು ಸದ್ದಾದ್ರೆ ನಿಮ್ಮಕ್ಕನ ಕೈ ನಡುಗುತ್ತೆ. ಅವಳು ಸೆರಗಲ್ಲಿ ಮುಚ್ಕೋತಾಳೆ, ನಂಗೆ ಕಾಣುತ್ತೆ. ನಂಗೆ ಮಿಲ್ಲು ಬೇಡ, ಅವಳು ಬೇಕು."

"ಅಕ್ಕ ಏನಂದ್ಳು?"

"ಏನೂ ಅನ್ನಲಿಲ್ಲ. ಅದೇ ನಂಗೆ ಭಯ."

ಅಕ್ಕ ಏನೂ ಅನ್ನದೇ ಇರುವುದು! ನನಗೂ ಹೆದರಿಕೆಯಾಯಿತು. ಸಂಕ್ರಾಂತಿ ಕಳೆಯುವವರೆಗೆ ತಡೆಯಿರಿ, ನಾನು ಅದಕ್ಕೆ ಹೊದಿಕೆ ಮಾಡಿಕೊಡುತ್ತೇನೆ, ಆಮೇಲೆ ನೋಡಿ ಅಂದೆ. ಬಾಯಲ್ಲಿ ಭರವಸೆ ಜೋರಾಗಿಯೇ ಬಂತು. ಕೊಂಬಿನ ಕಾಲವಲ್ಲವೇ.

ಅಳತೆ ತೆಗೆದುಕೊಳ್ಳಲು ಹೋದದ್ದು ಒಂದು ಭಾನುವಾರ. ಭಾವ ಡ್ಯೂಟಿಯಲ್ಲಿದ್ದರು, ಮಿಲ್ಲು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಇದೇ ಒಳ್ಳೆಯ ಸಮಯ ಅಂದುಕೊಂಡೆ, ತಲೆಹರಟೆ ಇಲ್ಲ. ಮೋಟಾರಿನಿಂದ ಕಲ್ಲಿನವರೆಗೆ ಬೆಲ್ಟು ಎಷ್ಟು ಉದ್ದ, ಪುಲ್ಲಿ ಎಷ್ಟು ಅಗಲ, ಗೋಡೆ ಎಷ್ಟು ದೂರ ಎಲ್ಲ ಬರೆದುಕೊಂಡೆ. ಮಾಲೂರಿಗೆ ಬಂದು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಬರೆದೆ. ಬೆಲ್ಟು, ಕಲ್ಲಿನ ಪೆಟ್ಟಿಗೆ, ಹಿಟ್ಟು ಇಳಿಯುವ ದೋಣಿ, ಎಲ್ಲವನ್ನೂ ಸೇರಿಸಿ ನಾಲ್ಕೂ ಕಡೆ ತಗಡು. ಮೇಲೆ ರಾಗಿ ಸುರಿಯಲು ಬಾಯಿ, ಕೆಳಗೆ ಹಿಟ್ಟು ಬೀಳುವ ಬಟ್ಟೆಯ ತೋಳು. ಒಂದು ಬೆರಳು ಹೋಗಲೂ ಸಂದಿಯಿಲ್ಲ. ಇದಕ್ಕಿಂತ ಭದ್ರವಾದದ್ದು ಇನ್ನೇನಿದೆ?

ಮೇಸ್ತ್ರಿ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿಂತಿರೋ ಮಿಷನ್ ನೋಡ್ಕೊಂಡು ಬಂದಿದ್ದೀಯ. ಓಡೋ ಮಿಷನ್ ನೋಡಿದ್ದೀಯೇನ್ಲಾ?"

"ಅಳತೆ ಎರಡಕ್ಕೂ ಒಂದೇ ಅಲ್ವಾ ಸಾರ್?"

ಅವರು ಬೀಡಿ ಹಚ್ಚಿದರು. ಹಚ್ಚುವ ರೀತಿಯಲ್ಲೇ ಉತ್ತರವಿತ್ತು, ನನಗೆ ಅರ್ಥವಾಗಲಿಲ್ಲ.

ಹೆಂಚಿನ ಕಾರ್ಖಾನೆಯ ಕೆಲಸದಲ್ಲಿ ಮಿಕ್ಕ ತಗಡು, ಮಿಕ್ಕ ಹಸಿರು ಬಣ್ಣ. ಹೊದಿಕೆ ತಯಾರಾಗಿ ಬಸ್ಸಿನ ಟಾಪಿಗೆ ಏರಿತು. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಇನ್ನೊಂದು ಬಸ್ಸಿಗೆ ಏರಿಸುವಾಗ ಜನ ಸುತ್ತ ಸೇರಿದರು. "ಬೀರು ಯಾರ್ಗಪ್ಪಾ? ಮದುವೇನಾ?" ಅಲ್ಲ ಎಂದು ಎಷ್ಟು ಮಂದಿಗೆ ಹೇಳುವುದು? ಕೊನೆಗೆ ಒಬ್ಬರಿಗೆ ಹೌದು ಅಂದುಬಿಟ್ಟೆ, ಅವರು ಹುಡುಗಿಯ ಊರು ಯಾವುದು ಅಂತ ವಿಚಾರಿಸತೊಡಗಿದರು.

ಭಾವನ ರಜೆಯ ದಿನ ಹೊದಿಕೆಯನ್ನು ಕೂರಿಸಿದೆವು. ಹೆಂಗಸರು ಚೀಲ, ಡಬ್ಬ ಹಿಡಿದು ಸಾಲಾಗಿ ನಿಂತಿದ್ದರು. ಮೊದಲ ಸರದಿ ಮೂಲೆಮನೆಯ ಅಜ್ಜಿಯದು. ಎತ್ತರ ನನ್ನ ಎದೆಯಷ್ಟು, ಮನೆಮಾತು ತೆಲುಗು, ಬೈಯುವಾಗ ಎರಡೂ ಭಾಷೆ. ಅಜ್ಜಿಯ ರಾಗಿ ಮೇಲೆ ಸುರಿಯಿತು, ಹಿಟ್ಟು ಕೆಳಗೆ ಬಿತ್ತು. ನಾನು ಕೈಕಟ್ಟಿ ನಿಂತೆ. ಯಾರಾದರೂ ಹೊಗಳುತ್ತಾರೇನೋ ಅಂತ ಕಾದೆ.

ಅಜ್ಜಿ ತಗಡಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕೈಯಿಂದ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ನಾ ಪಿಂಡಿ ಯಾಡುಂದಿ?" ಅಂದರು. ನನ್ನ ಹಿಟ್ಟೆಲ್ಲಿ, ಅಂತ.

"ಡಬ್ಬದಲ್ಲಿದೆಯಲ್ಲ ಅಜ್ಜಿ."

"ಅದು ಬಿದ್ದಿದ್ದು. ಒಳಗಿರೋದು ಎಲ್ಲಿ?"

ಇಲ್ಲಿ ಒಂದು ವಿಷಯ ಹೇಳಬೇಕು, ಆಗ ನನಗೆ ಗೊತ್ತಿಲ್ಲದ್ದು. ರಾಗಿ ಪೂರ್ತಿ ಇಳಿದ ಮೇಲೂ ಕಲ್ಲಿನ ಸಂದಿಯಲ್ಲಿ, ದೋಣಿಯ ಅಂಚಿನಲ್ಲಿ ಒಂದೆರಡು ಹಿಡಿ ಹಿಟ್ಟು ಉಳಿದಿರುತ್ತದೆ. ನಮ್ಮ ಕಡೆಯ ಹೆಂಗಸರು ಅದನ್ನು ಬಿಟ್ಟು ಹೋಗುವವರಲ್ಲ. ಯಂತ್ರದ ಹಿಂದಕ್ಕೆ ಬಗ್ಗಿ ದೋಣಿಯನ್ನು ಅಂಗೈಯಿಂದ ತಟ್ಟಿ ತಟ್ಟಿ ಇಳಿಸಿಕೊಳ್ಳುತ್ತಾರೆ. ಇದು ಜಿಪುಣತನವಲ್ಲ. ತನ್ನ ಹೊಲದ ರಾಗಿ ತನ್ನ ಮನೆಗೇ ಬರಬೇಕು, ಹಿಂದಿನವರು ಹಾಕಿಸಿದ ಮೆಣಸಿನಕಾಯಿ ತನ್ನ ಮುದ್ದೆಗೆ ಬರಬಾರದು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕದ ತಟ್ಟು, ಬೇರೆಯವರು ತಟ್ಟಿದರೆ ನಂಬಿಕೆಯಿಲ್ಲ. ಮೂಲೆಮನೆಯ ಅಜ್ಜಿ ತಟ್ಟಿ, ಕಿವಿಯಿಟ್ಟು ಕೇಳಿ, "ಇಂಕಾ ಉಂದಿ" ಅನ್ನುತ್ತಿದ್ದರು, ಇನ್ನೂ ಇದೆ ಅಂತ, ಮತ್ತೆ ತಟ್ಟುತ್ತಿದ್ದರು. ಚಿಕ್ಕಂದಿನಲ್ಲಿ ರಾಗಿ ಚೀಲವನ್ನು ಮಿಲ್ಲಿನಲ್ಲಿ ಬಿಸಾಕಿ ಗೋಲಿ ಆಡಲು ಓಡುತ್ತಿದ್ದ ನನಗೆ ಇದು ಎಲ್ಲಿಂದ ತಿಳಿಯಬೇಕು? ಅಕ್ಕನ ಸೆರಗು ಸಿಕ್ಕಿದ್ದೂ ಹೀಗೆ ಯಾರದೋ ಹಿಟ್ಟನ್ನು ತಟ್ಟಿ ಇಳಿಸಿಕೊಡುವಾಗಲೇ. ದೋಣಿ ಇದ್ದದ್ದು ಬೆಲ್ಟಿನ ಆಚೆ, ಬಗ್ಗದೆ ಕೈ ಎಟುಕದು.

ನಾನು ಆ ದೋಣಿಯನ್ನು ಹಸಿರು ತಗಡಿನೊಳಗೆ ಮುಚ್ಚಿಟ್ಟಿದ್ದೆ. ಎರಡನೆಯ ಸರದಿಯ ಹೆಂಗಸು ಚೀಲ ಎತ್ತಿಕೊಂಡು, "ಒಳಗೇನು ಮಾಡುತ್ತೋ ಯಾರಿಗ್ಗೊತ್ತು, ನಾನು ಸುಗಟೂರು ಮಿಲ್ಲಿಗೇ ಹೋಗ್ತೀನಿ ಕಣಮ್ಮಾ," ಅಂದು ಹೊರಟಳು. ಅವಳ ಹಿಂದೆ ಮೂವರು. ಅಕ್ಕ ಬಾಗಿಲಲ್ಲಿ ಕೂತು ಅವರು ಹೋಗುವುದನ್ನು ನೋಡುತ್ತಿದ್ದಳು. ನನ್ನನ್ನು ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೋಲು ಒಪ್ಪಿಕೊಳ್ಳುವ ವಯಸ್ಸಲ್ಲ. ಕಾಣಬೇಕು ತಾನೇ, ಕಾಣಲಿ ಅಂತ ಎರಡನೆಯ ಸಲ ತಗಡನ್ನು ಕತ್ತರಿಸಿ ಗಾಜಿನ ಕಿಟಕಿ ಇಟ್ಟೆ. ತಟ್ಟಬೇಕು ತಾನೇ, ಕೈ ಹಾಕಲು ಪುಟ್ಟ ಬಾಗಿಲಿಟ್ಟೆ, ಮುಗಿದ ಮೇಲೆ ಮುಚ್ಚಿ ಅಂತ ಅದರ ಮೇಲೆ ಚೆಂದದ ಅಕ್ಷರದಲ್ಲಿ ಬರೆದೆ. ಗಾಜು ಐದು ನಿಮಿಷದಲ್ಲಿ ಒಳಗಿನಿಂದ ಹಿಟ್ಟು ಮೆತ್ತಿಕೊಂಡು ಗೋಡೆಯಾಯಿತು. ಬಾಗಿಲನ್ನು ತೆರೆದವರು ಯಾರೂ ಮುಚ್ಚಲಿಲ್ಲ, ಕೈ ಹಾಕಿದ ಕಡೆಯಲ್ಲೇ ಬೆಲ್ಟು. ಮೊದಲು ಸೆರಗು ಹೋಗುತ್ತಿತ್ತು, ಈಗ ಸೆರಗಿಗೆ ಒಂದು ದ್ವಾರವನ್ನೇ ಮಾಡಿಕೊಟ್ಟಿದ್ದೆ. ಇದನ್ನು ಕಂಡುಹಿಡಿದು ಹೇಳಿದವರು ಭಾವ, ಬಹಳ ಸಮಾಧಾನದಿಂದ ಹೇಳಿದರು. ಶ್ರೀನಿವಾಸಪುರದವರು ಸಂಕ್ರಾಂತಿಯ ಮರುವಾರ ಬರುತ್ತಾರೆ ಅನ್ನುವುದನ್ನೂ ಅದೇ ದನಿಯಲ್ಲಿ ಹೇಳಿದರು.

ಹಬ್ಬಕ್ಕೆ ಹದಿನೈದು ದಿನ ಇರುವಾಗ ಮತ್ತೆ ಹೋದೆ. ಮಿಲ್ಲಿನ ಮುಂದೆ, ಹುಣಸೆಮರದ ಕೆಳಗೆ, ನನ್ನ ಹಸಿರು ಬೀರು ನಿಂತಿತ್ತು. ಗಾಜಿನ ಕಿಟಕಿಯಿಂದ ಒಂದು ಕೋಳಿ ನನ್ನನ್ನು ನೋಡಿತು. ಒಳಗೆ ಇನ್ನೂ ನಾಲ್ಕು. ತಗಡಿನ ಮೇಲೂ ನಾನು ಸಹಿ ಬರೆದಿದ್ದ ಮೂಲೆಯಲ್ಲಿ ಒಂದು ಮೊಟ್ಟೆ.

"ಇದೇನೇ ಅಕ್ಕಾ!"

"ಕೋಳಿಗೆ ಒಳ್ಳೇ ಮನೆ ಆಯ್ತು ಕಣೋ. ಬೆಕ್ಕು ಏನ್ ಮಾಡಿದ್ರೂ ಒಳಕ್ಕೆ ಹೋಗಕ್ಕಾಗಲ್ಲ," ಅಂದಳು. ಬಹಳ ದಿನದ ಮೇಲೆ ಅವಳ ಬಾಯಲ್ಲಿ ಕೀಟಲೆ ಕೇಳಿ ನನ್ನ ಸಿಟ್ಟು ಅರ್ಧಕ್ಕೆ ಇಳಿಯಿತು. ಒಳಗೆ ಹೋಗಿ ನೋಡಿದರೆ, ಕೋಳಿಗಳು ಖಾಲಿ ಮಾಡಿದ ಬಿದಿರಿನ ಮಂಕರಿಯನ್ನು ಯಾರೋ ಹಗ್ಗದಿಂದ ಪುಲ್ಲಿಯ ಮುಂದೆ ಕಟ್ಟಿದ್ದರು. ಯಾರು ಅಂದರೆ ಅಜ್ಜಿ. "ನಿನ್ನ ಬೀರುಗಿಂತ ಇದೇ ವಾಸಿ," ಅಂದರಂತೆ. ತಮಾಷೆಗೆ ಕಟ್ಟಿದ್ದು. ಆದರೆ ಆ ದಿನ ಹಿಟ್ಟು ಹಾಕಿಸಲು ಬಂದವರು ಯಾರೂ ಸುಗಟೂರಿಗೆ ಹೋಗಿರಲಿಲ್ಲ.

ನಾನು ಅದರ ಮುಂದೆ ಮಂಡಿಯೂರಿ ಕೂತೆ. ಕೋಳಿ ಮುಚ್ಚುವ ಮಂಕರಿಯನ್ನು ನೀವು ನೋಡಿರುತ್ತೀರಿ. ಒಳಗಿನ ಕೋಳಿ ಕಾಣುತ್ತದೆ, ಅದರ ಸದ್ದು ಕೇಳುತ್ತದೆ, ನಾಯಿ ಮೂತಿ ಹಾಕಿದರೂ ಎಟುಕುವುದಿಲ್ಲ. ಹೆಣಿಗೆಯ ಕಣ್ಣುಗಳೊಳಗೆ ನನ್ನ ಎರಡು ಬೆರಳು ಹೋದವು, ಅಂಗೈ ಹೋಗಲಿಲ್ಲ. ಬೆರಳು ಹೋದರೂ ಪುಲ್ಲಿ ಇನ್ನೂ ಒಂದು ಗೇಣು ದೂರದಲ್ಲಿತ್ತು. ನನ್ನ ತರಬೇತಿಯ ನೋಟ್‌ಪುಸ್ತಕದಲ್ಲಿ ಇದೇ ಮಾತು ಎರಡು ಪುಟ ಇತ್ತು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅಜ್ಜಿ ಅದನ್ನು ಹಗ್ಗದಲ್ಲಿ ಕಟ್ಟಿ ತೋರಿಸಿದ್ದರು. ನಾಚಿಕೆಯಾಯಿತು, ನಗುವೂ ಬಂತು.

ಮಾರನೆಯ ದಿನ ಭಾವ ಮಿಲ್ಲು ಓಡಿಸಿದರು. ನಾನು ರಾಗಿ ಚೀಲದ ಮೇಲೆ ಕೂತು ಬೆಳಗಿನಿಂದ ಕರೆಂಟು ಹೋಗುವವರೆಗೂ ಬರೀ ನೋಡಿದೆ. ಯಾರ ಕೈ ಎಲ್ಲಿಗೆ ಹೋಗುತ್ತದೆ, ಯಾರು ಎಷ್ಟು ಬಗ್ಗುತ್ತಾರೆ, ಸೆರಗು ಯಾವ ಹೆಗಲಿನಿಂದ ಜಾರುತ್ತದೆ. ಹೆಂಗಸರು ರೇಗಿಸಿದರು. "ಏನ್ ಹೆಣ್ಣು ನೋಡ್ತಾ ಇದ್ದೀಯೇನಪ್ಪಾ? ಬೀರು ಆಗಲೇ ಬಂದಿದೆಯಲ್ಲ!" ಕಿವಿ ಬಿಸಿಯಾಯಿತು, ಆದರೂ ಕದಲಲಿಲ್ಲ. ಸಂಜೆಯ ಹೊತ್ತಿಗೆ ಒಂದು ವಿಷಯ ತಲೆಗೆ ಹೋಯಿತು. ಇವರನ್ನು ತಟ್ಟಬೇಡಿ ಅನ್ನುವ ಹೊದಿಕೆ ನಿಲ್ಲುವುದಿಲ್ಲ. ಇವರು ತಟ್ಟುವುದಕ್ಕೆ ಬೇರೆ ಜಾಗ ಕೊಡಬೇಕು, ಬೆಲ್ಟಿನಿಂದ ದೂರ, ಈಚೆ ಕಡೆ.

ಒಂದು ಹಲಗೆ ಹಿಡಿದು ನಿಂತು ಅಜ್ಜಿಯನ್ನು ಕರೆದೆ. "ಅಜ್ಜಿ, ಇದು ದೋಣಿ ಅಂದ್ಕೊಂಡು ತಟ್ಟಿ." ಅಜ್ಜಿ ತಟ್ಟಿದರು. ಎತ್ತರ ಅಂದರು, ಇಳಿಸಿದೆ. ತಗ್ಗು ಅಂದರು, ಏರಿಸಿದೆ. ಕೊನೆಗೊಮ್ಮೆ ಹಿಟ್ಟು ಮೆತ್ತಿದ ಅಂಗೈಯನ್ನು ಹಲಗೆಯ ಮೇಲೆ ಒತ್ತಿ, "ಇಕ್ಕಡ," ಅಂದರು. ಇಲ್ಲಿ. ಆ ಬಿಳಿ ಅಂಗೈ ಗುರುತಿನ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಆಮೇಲೆ ಎತ್ತರದ ಹೆಂಗಸೊಬ್ಬಳನ್ನು ಕರೆದು ಅವಳ ಅಂಗೈಯನ್ನೂ ಬರೆದುಕೊಂಡೆ. ನನ್ನ ಮೂರನೆಯ ಚಿತ್ರ ಶುರುವಾದದ್ದು ಆ ಎರಡು ಅಂಗೈಗಳಿಂದ.

ಈ ಸಲ ಬೆಲ್ಟಿನ ಮುಂದೆ ಕಬ್ಬಿಣದ ಜಾಲರಿ, ಮಂಕರಿಯ ಕಣ್ಣಿಗಿಂತ ಸ್ವಲ್ಪ ಸಣ್ಣ ಕಣ್ಣು. ಬದಿಯಲ್ಲಿ, ಬೆಲ್ಟಿನಿಂದ ದೂರ ನಿಲ್ಲುವ ಕಡೆ, ಒಂದು ದಪ್ಪ ತಗಡಿನ ಹಲಗೆ. ಅದರ ಹಿಂದಿನಿಂದ ಒಂದು ಸರಳು ಜಾಲರಿಯನ್ನು ದಾಟಿ ದೋಣಿಗೆ ಸೇರುತ್ತದೆ. ಇಲ್ಲಿ ತಟ್ಟಿದರೆ ಅಲ್ಲಿ ಅದುರುತ್ತದೆ. ಮೇಸ್ತ್ರಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಹಲಗೆಯ ಮೇಲೆ ನಾನು ಬರೆದಿದ್ದ ಎರಡು ಅಂಗೈಯನ್ನು ತೋರಿಸಿ, "ಇದ್ಯಾರ್ದು?" ಅಂದರು. ಹೇಳಿದೆ. "ಈ ಸಲ ಸಹಿ ಮಾಡೋದ್ ಮರೆತಿದ್ದೀಯ ನೋಡು," ಅಂದು ಸುತ್ತಿಗೆ ಎತ್ತಿಕೊಂಡರು.

ಅದು ಊರಿಗೆ ತಲುಪಿ ಕೂರುವ ಹೊತ್ತಿಗೆ ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಕೂರಿಸಿದ ಮಾರನೆಯ ಬೆಳಿಗ್ಗೆ ಭಾವ ಡ್ಯೂಟಿಗೆ ಹೋಗಲೇಬೇಕಾಯಿತು, ಶ್ರೀನಿವಾಸಪುರದವರು ಬರುವುದೂ ಅದೇ ಬೆಳಿಗ್ಗೆ. ತೋರಿಸಿ ಕಳಿಸು, ಮಾತು ಆಮೇಲೆ ಆಡುತ್ತೇನೆ ಅಂತ ಅಕ್ಕನಿಗೆ ಹೇಳಿ ಹೋದರು. ಹಬ್ಬದಲ್ಲಿ ಎಲ್ಲರ ಮನೆಯ ಹಿಟ್ಟೂ ಮುಗಿದಿತ್ತು, ಬಾಗಿಲಲ್ಲಿ ಸಾಲು ಬೆಳೆದಿತ್ತು. ಕರೆಂಟು ಬಂತು. ಮಿಲ್ಲು ಹಾಕುವವರು ಯಾರೂ ಇಲ್ಲ.

"ನಾನು ಹಾಕ್ತೀನಿ," ಅಂದೆ.

"ನೀನು ಈಚೆ ಬಾ," ಅಂದಳು ಅಕ್ಕ.

ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿದಳು, ಮತ್ತೆ ಬಿಚ್ಚಿ ಇನ್ನೂ ಬಿಗಿಯಾಗಿ ಸಿಕ್ಕಿಸಿದಳು. ಸ್ಟಾರ್ಟರಿನ ಮುಂದೆ ಹೋಗಿ ನಿಂತಳು. ಕೈ ನಡುಗುತ್ತಿತ್ತು, ಭಾವ ಹೇಳಿದ್ದನ್ನು ನಾನು ಅಂದು ಕಣ್ಣಾರೆ ಕಂಡೆ. ಹೆಂಗಸರು ಚೀಲ ಕೆಳಗಿಟ್ಟು ಕತ್ತು ನೀಡಿದರು. ನನ್ನ ಜಾಲರಿಯ ಒಂದೊಂದು ಬೆಸುಗೆಯನ್ನೂ ಮನಸ್ಸಿನಲ್ಲೇ ಮುಟ್ಟಿ ನೋಡಿದೆ. ಹಿಡಿ ಒತ್ತಿದಳು. ಬೆಲ್ಟು ಎದ್ದು ಓಡತೊಡಗಿತು. ಅಕ್ಕ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು, ಮತ್ತೆ ಒಂದು ಹೆಜ್ಜೆ ಮುಂದೆ ಬಂದಳು.

ಅಜ್ಜಿಯ ರಾಗಿ ಇಳಿಯಿತು. ಅಜ್ಜಿ ಹಲಗೆಯ ಮುಂದೆ ಬಂದು ಅನುಮಾನದಿಂದ ಒಂದು ತಟ್ಟಿದರು. ದೋಣಿ ಢಣ್ ಅಂದಿತು, ತೋಳಿನಿಂದ ಒಂದು ಹಿಡಿ ಹಿಟ್ಟು ದೊಪ್ಪನೆ ಬಿತ್ತು. ಅಜ್ಜಿಯ ಮುಖ ಅರಳಿತು. "ಇಂಕಾ ಉಂದಿ," ಅಂದು ಮತ್ತೆ ತಟ್ಟಿದರು. ಅದರಲ್ಲಿ ಹಿಟ್ಟು ಎಷ್ಟಿತ್ತೋ, ಆಟ ಎಷ್ಟಿತ್ತೋ. ಹಿಂದಿನವರು ಕೂಗಾಡಿದ ಮೇಲೆ ಜಾಗ ಬಿಟ್ಟರು. ಎರಡನೆಯವಳು, ಮೂರನೆಯವಳು. ಸಾಲು ಸರಿಯತೊಡಗಿತು, ಅಕ್ಕ ಒಬ್ಬೊಬ್ಬರ ಡಬ್ಬವನ್ನೂ ತಳ್ಳುತ್ತಾ, ಬೆಲ್ಟಿನ ಸದ್ದಿನ ಮೇಲೆ ಗದರುತ್ತಾ ಅಲ್ಲೇ ಓಡಾಡುತ್ತಿದ್ದಳು.

ಹತ್ತು ಗಂಟೆಯ ಬಸ್ಸಿಗೆ ಶ್ರೀನಿವಾಸಪುರದವರು ಬಂದರು. ಒಳ್ಳೆಯ ಮನುಷ್ಯರೇ. ಬಿಳಿ ಅಂಗಿ, ಕೈಯಲ್ಲಿ ಅಳತೆಯ ಟೇಪು. ಮೋಟಾರನ್ನು ಮೂರು ಕಡೆಯಿಂದ ನೋಡಿ, ಕಲ್ಲಿನ ಸದ್ದಿಗೆ ತಲೆದೂಗಿ, ಜಾಲರಿಯನ್ನು ಮೆಚ್ಚಿ, "ಚೆನ್ನಾಗಿಟ್ಟಿದ್ದೀರಮ್ಮಾ. ಯಾವಾಗ ಬಿಚ್ಚೋಣ?" ಅಂತ ಕೂಗಿ ಕೇಳಿದರು.

"ರಾಗಿ ತಂದಿದ್ದೀರಾ?" ಅಂದಳು ಅಕ್ಕ.

"ಇಲ್ಲಮ್ಮಾ, ನಾನು ಮಿಷನ್ ವಿಚಾರ..."

"ಹಂಗಾದ್ರೆ ಪಕ್ಕಕ್ಕೆ ನಿಂತ್ಕೊಳ್ಳಿ. ತಂದೋರು ಬೆಳಿಗ್ಗೆಯಿಂದ ಕಾಯ್ತಾವ್ರೆ."

ಅವರಿಗೆ ಹಾಗೆ ಹೇಳುವಾಗ ಅಕ್ಕ ಜಾಲರಿಗೆ ಒರಗಿಕೊಂಡು ನಿಂತಿದ್ದಳು. ಅವಳ ಎಡಗೈ ಅದರ ಮೇಲಿತ್ತು, ಒಂದು ಗೇಣು ಆಚೆ ಬೆಲ್ಟು ಓಡುತ್ತಿತ್ತು, ಕೈ ಅಲ್ಲಿದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.